ದೋಣಿಗೆ ಕಟ್ಟಿದ ಗರಿ

ಇಂಡೋನೇಷ್ಯಾದ ಮೂಡಣ ತುದಿಯ ನಮ್ಮ ಜಿಲ್ಲೆಯನ್ನು ಸರ್ಕಾರ ಎರಡಾಗಿ ಒಡೆಯಿತು. ಆಸ್ಪತ್ರೆ ಕಡಲಾಚೆಯ ಜಿಲ್ಲೆಯ ಪಾಲಾಯಿತು, ಡಾಕ್ಟರೂ ಅತ್ತಲೇ ಹೋದರು. ನಮ್ಮ ದ್ವೀಪಕ್ಕೆ ಉಳಿದದ್ದು ರೋಗಿಗಳನ್ನು ಸಾಗಿಸುವ ಒಂದು ಮೋಟಾರು ದೋಣಿ.

ಹೊಸ ಜಿಲ್ಲಾಧಿಕಾರಿ ಬಂದವರೇ ಅದರ ಮೇಲೆ ಕಣ್ಣು ಹಾಕಿದರು. "ಡಾಕ್ಟರೇ ಇಲ್ಲದ ಊರಿಗೆ ಆಸ್ಪತ್ರೆ ದೋಣಿ ಯಾಕೆ? ನಾಳೆಯಿಂದ ಅದು ನನ್ನ ಪ್ರವಾಸಕ್ಕೆ," ಅಂದರು.

ಬೆಳಿಗ್ಗೆ ದೋಣಿಯ ಮೂತಿಗೆ ಎಳೆ ತೆಂಗಿನ ಗರಿ ಕಟ್ಟಿತ್ತು. ನಮ್ಮಲ್ಲಿ ಮರಕ್ಕೋ ಕಡಲಿಗೋ ಹೀಗೆ ಗರಿ ಕಟ್ಟಿದರೆ, ಫಲ ಬಲಿತು ಕಟ್ಟಿದವರೇ ಗರಿ ಬಿಚ್ಚುವವರೆಗೆ ಯಾರೂ ಮುಟ್ಟುವಂತಿಲ್ಲ. ನಾವಿಕರು ಕೈಕಟ್ಟಿ ನಿಂತರು.

"ಯಾರು ಕಟ್ಟಿದ್ದು?" ದೋಣಿ ಹತ್ತಲು ಬಂದ ಸಾಹೇಬರು ಕೇಳಿದರು.

"ನಾನೇ," ಅಂದಳು ದೋಣಿ ತೊಳೆಯುವ ಹೆಂಗಸು. "ರೋಗಿಗಳಿಗಾದರೆ ಈಗಲೇ ಬಿಚ್ಚುತ್ತೇನೆ. ತಮಗೆ ಜ್ವರವೇ, ಸ್ವಾಮಿ?"

"ಮತ್ತೆ ನನಗೆ ಯಾವಾಗ ಬಿಚ್ಚುತ್ತೀ?"

"ಡಾಕ್ಟರು ಬಂದ ದಿನ."

ಊರೆಲ್ಲ ನಕ್ಕಿತು. ಸಾಹೇಬರೂ ನಕ್ಕರು. "ಒಳ್ಳೆಯ ಪದ್ಧತಿ. ಕಲಿತುಕೊಂಡೆ," ಅಂದು ಮೀನು ದೋಣಿ ಹತ್ತಿ ಹೋದರು.

ಮಳೆಗಾಲ ಬಂತು. ಅವಳ ಸೊಸೆಗೆ ಹೆರಿಗೆ ನೋವು ಶುರುವಾದಾಗ ದೋಣಿಯಲ್ಲಿ ಡೀಸೆಲ್ ಇರಲಿಲ್ಲ. ಆ ಅಲೆಗಳಲ್ಲಿ ಮೀನು ದೋಣಿ ಕಡಲು ದಾಟುವಂತಿರಲಿಲ್ಲ. ಡೀಸೆಲ್ ಕೇಳಲು ಅವಳು ಜಿಲ್ಲಾ ಕಚೇರಿಗೆ ಓಡಿದಳು.

ಕಚೇರಿಯ ಬಾಗಿಲಿಗೆ ಎಳೆ ತೆಂಗಿನ ಗರಿ ಕಟ್ಟಿತ್ತು. ಒಳಗೆ ಕಾಫಿ ಲೋಟಗಳ ಸದ್ದು ಕೇಳುತ್ತಿತ್ತು.

"ಯಾವಾಗ ಬಿಚ್ಚುತ್ತೀರಿ, ಸ್ವಾಮಿ?" ಹೊರಗಿನಿಂದಲೇ ಕೂಗಿದಳು.

"ಡಾಕ್ಟರು ಬಂದ ದಿನ," ಅಂದರು ಸಾಹೇಬರು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದ್ದರೆ ತೆರೆದುಕೊಳ್ಳುತ್ತಿತ್ತು. ಆದರೆ ಗರಿ ಕಟ್ಟಿದ್ದನ್ನು ನಾವು ಮುಟ್ಟುವುದಿಲ್ಲ.