ಹೊಸಿಲಾಚೆಯ ಕಸದ ಬುಟ್ಟಿ

ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ವೃಷಭೇಂದ್ರಯ್ಯನವರು ಗಾಡಿ ಸಮೇತ ಬಂದು ಪುಟ್ಟನಂಜಮ್ಮನ ಬಾಗಿಲ ಮುಂದೆ ನಿಂತರು.

"ಮನೆಯ ಯಾವ ಸಾಮಾನೂ ರಸ್ತೆ ಮೇಲೆ ಇರಕೂಡದು. ಈ ಕಸದ ಬುಟ್ಟಿ ಒಳಗೆ ಹೋಗ್ಬೇಕು. ಇಲ್ಲಾಂದ್ರೆ ನಮ್ಮ ಗಾಡಿಗೆ ಹೋಗುತ್ತೆ!"

ಪುಟ್ಟನಂಜಮ್ಮನದು ಒಂದೇ ಕೋಣೆಯ ಮನೆ. ಹೊಸಿಲು ದಾಟಿದರೆ ರಸ್ತೆ. ಆ ಕೋಣೆಯಲ್ಲೇ ಇಡ್ಲಿ ಬೇಯಿಸಿ ಮಾರಿ ಅವಳ ಜೀವನ. ಪಕ್ಕದಲ್ಲಿ ಕಸ ಕಂಡರೆ ಇಡ್ಲಿ ಯಾರು ಕೊಳ್ಳುತ್ತಾರೆ? ಆದರೂ ಅವಳು ವಾದಕ್ಕಿಳಿಯಲಿಲ್ಲ.

"ಆಗ್ಲಿ ಸ್ವಾಮಿ. ಒಳಗೆ ಬಂದು ಜಾಗ ನೀವೇ ತೋರಿಸಿಬಿಡಿ."

ಸಾಹೇಬರು ಬೂಟು ಹೊರಗೆ ಬಿಚ್ಚಿ ಗತ್ತಿನಿಂದ ಒಳಗೆ ಬಂದರು. ಅವರು ಸುತ್ತ ಕಣ್ಣಾಡಿಸುವಷ್ಟರಲ್ಲಿ ಅವಳು ಆ ಬೂಟುಗಳನ್ನು ಎತ್ತಿ ತಂದು ಇಡ್ಲಿ ಪಾತ್ರೆಯ ಪಕ್ಕ ಇಟ್ಟಳು.

"ಅಯ್ಯಯ್ಯೋ! ಒಲೆ ಹತ್ರ ಬೂಟು ಇಡ್ತಾರೇನಮ್ಮಾ? ಆಚೆ ಇಡು!"

"ಆಚೆ ರಸ್ತೆ ಸ್ವಾಮಿ. ನಿಮ್ಮ ಗಾಡಿಯವರು ಹೊತ್ಕೊಂಡು ಹೋದ್ರೆ?"

"ಇಡ್ಲಿ ಬೇಯೋ ಕಡೆ ಹೊಲಸು ಇಡೋದಾ? ಹೊಲಸಿನ ಜಾಗ ಆಚೇನೇ!"

ಇಡ್ಲಿಗೆ ಕಾದು ನಿಂತಿದ್ದವರು ಗೊಳ್ಳೆಂದು ನಕ್ಕರು. ಆಗ ಸಾಹೇಬರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಬೂಟು ಕೈಯಲ್ಲಿ ಹಿಡಿದು ಹೊರಬಂದರು. ಗಾಡಿಯವನಿಗೆ "ನಡಿಯಯ್ಯ, ಮುಂದಿನ ಬೀದಿ" ಎಂದರು. ಆಮೇಲೆ ಹೀಗೇ ಹೋಗುವುದು ಸರಿಯಲ್ಲವೆನಿಸಿ ತಿರುಗಿ ನಿಂತು ಗದರಿದರು:

"ಬುಟ್ಟಿಗೆ ಮುಚ್ಚಳ ಹಾಕಿರ್ಬೇಕು, ತಿಳೀತಾ?"

ಮುಚ್ಚಳ ಹಾಕಿಯೇ ಇತ್ತು.