ಸುಟ್ಟರೂ ಮರಳುವ ನೀಲಗಿರಿ

"ಕೇಳಿರಿ, ಕೇಳಿರಿ! ಕೋಟೆಬಾಗಿಲ ಮುಂದಿನ ಕುಳ್ಳ ನೀಲಗಿರಿ ಮರವನ್ನು ಕುರಿತು ಮಹಾರಾಜರು ಮೂರು ಒಗಟು ಕೇಳುವರು. ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ಹುಣ್ಣಿಮೆಯಂದು ಶೂಲ!"

ಏಳು ಕಡಲುಗಳಾಚೆ, ಮಳೆ ಅಪರೂಪವಾದ ಕೆಂಪು ಮರಳಿನ ಸೀಮೆಯಲ್ಲಿ ಈ ಡಂಗುರ ಹೊಡೆಸಿದವನು ದೊರೆ ರಣಧವಳ. ತನ್ನ ನೆರಳನ್ನೂ ನಂಬದವನು. ಶತ್ರುಗಳು ಅಡಗಿಯಾರೆಂದು ಆ ಮರವನ್ನು ನೆಲಮಟ್ಟಕ್ಕೆ ಸುಡಿಸಿದ್ದ. ಒಂದೆರಡು ಕಾಂಡಗಳಿದ್ದ ಕಡೆ ಗುಂಪುಗುಂಪಾಗಿ ಕಾಂಡಗಳೆದ್ದವು. ಅಂದಿನಿಂದ ದೊರೆಗೆ ನಿದ್ದೆಯಿರಲಿಲ್ಲ.

ಮೊದಲು ಬಂದವನು ನೆರೆನಾಡಿನ ಅರಸುಕುಮಾರ ಮಕರಧ್ವಜ.

"ವರ್ಷವರ್ಷವೂ ಉಟ್ಟದ್ದನ್ನು ಹರಿದೊಗೆದು, ನಾಚದೆ ನಿಲ್ಲುವವನು ಯಾರು?" ಎಂದು ದೊರೆ ಕೇಳಿದ.

"ಮರದೊಳಗಿನ ಹಾವು!"

"ಹಾವು ಬಿಟ್ಟವನು ನೀನೇ ಇರಬೇಕು," ಎಂದು ದೊರೆ ಅವನನ್ನು ಸೆರೆಗೆ ತಳ್ಳಿದ.

ಬಳಿಕ ಬಂದ ಬಡಗಿ ಗುರವ ಮೂರಕ್ಕೂ ಉತ್ತರ ಕೊಟ್ಟ. ಮೂರನೆಯದನ್ನು ಕೇಳಿ ದೊರೆ ಮುಖ ತಿರುಗಿಸಿ, "ತಪ್ಪು" ಎಂದ. ಸರಿಯಾದದ್ದು ಯಾವುದೆಂದು ಹೇಳದೆ ಅವನನ್ನೂ ಸೆರೆಗೆ ತಳ್ಳಿದ.

ಗುರವನ ತಮ್ಮ ಸಂಕ ಅರಮನೆಯ ಅಡುಗೆಮನೆಯಲ್ಲಿ ಬೂದಿ ಹೊರುತ್ತಿದ್ದ. ಸೆರೆಮನೆಯ ಕಿಟಕಿಯಲ್ಲಿ ಅಣ್ಣನ ಮಾತು ಕೇಳಿದ ಮೇಲೆ ಅವನಿಗೊಂದು ಸಂಶಯ ಹುಟ್ಟಿತು. ಹುಣ್ಣಿಮೆಯ ಮುನ್ನಾದಿನ ಸಭೆಗೆ ಬಂದ.

"ಪ್ರಭು, ಮೊದಲು ಮೂರೂ ಉತ್ತರಗಳನ್ನು ರಾಜಕುಮಾರಿಯವರ ಕಿವಿಯಲ್ಲಿ ಹೇಳಿಬಿಡಿ. ಆಮೇಲೆ ನನ್ನನ್ನು ಕೇಳಿ."

"ಬೂದಿ ಹೊರುವವನಿಗೆ ದೊರೆಯ ಮೇಲೆಯೇ ಅನುಮಾನವೋ?"

"ಈ ಅರಮನೆಯ ಅನ್ನ ಉಂಡು ಬೆಳೆದವನು, ಪ್ರಭು. ಅನುಮಾನ ಅದರಲ್ಲೇ ಬೆಂದಿರುತ್ತದೆ."

ಸಭೆ ನಕ್ಕು, ನಗು ನುಂಗಿಕೊಂಡಿತು. ಒಲ್ಲೆನೆಂದರೆ ಎಲ್ಲರೂ ಶಂಕಿಸುವರೆಂದು ದೊರೆ ಮಗಳತ್ತ ಬಾಗಿದ.

"ಎರಡು ಬಂದವು, ಅಪ್ಪಾಜಿ," ಎಂದಳು ಇಂದುಲೇಖೆ. "ಮೂರನೆಯದು?"

ದೊರೆ ಮತ್ತೆ ಮುಖ ತಿರುಗಿಸಿದ.

"ತಮಗೇ ತಿಳಿಯದ ಉತ್ತರವನ್ನು ಗುರವ ತಪ್ಪಾಗಿ ಹೇಳಿದನೆಂದು ತಮಗೆ ಹೇಗೆ ತಿಳಿಯಿತು?" ಎಂದ ಸಂಕ.

ಸಂಕ ಗುದ್ದಲಿ ಹಿಡಿದು ಎಲ್ಲರನ್ನೂ ಮರದ ಬಳಿಗೆ ಕರೆದೊಯ್ದ.

"ಉಟ್ಟದ್ದನ್ನು ಹರಿದೊಗೆಯುವುದು ಈ ಕಾಂಡ, ತೊಗಟೆ ಪಟ್ಟಿಪಟ್ಟಿಯಾಗಿ ಕಳಚುತ್ತದೆ. 'ಸಾವಿರ ಕೊಡೆ ಹಿಡಿದೂ ಬಿಸಿಲನ್ನು ತಡೆಯದವನು ಯಾರು?' ಎಂಬುದು ತಮ್ಮ ಎರಡನೆಯ ಒಗಟು. ಅದು ಇದರ ಎಲೆ. ಅಂಚನ್ನು ಸೂರ್ಯನತ್ತ ತಿರುಗಿಸಿ ಜೋತುಬಿದ್ದಿರುವುದರಿಂದ ಬಿಸಿಲೆಲ್ಲ ಕೆಳಗಿಳಿಯುತ್ತದೆ."

ಇಂದುಲೇಖೆ ತಲೆಯಾಡಿಸಿದಳು.

"ಇನ್ನು 'ಸುಟ್ಟಷ್ಟೂ ಬಳಗ ಕಟ್ಟಿಕೊಂಡು ಮರಳುವ ವೈರಿಯ ಗುಟ್ಟೇನು?'" ಎನ್ನುತ್ತ ಸಂಕ ಮರಳು ತೋಡಿದ. ಒರಳಿನಷ್ಟು ದಪ್ಪದ ಮರಗಡ್ಡೆಯೊಂದು ಕಂಡಿತು. ಕಾಂಡಗಳೆಲ್ಲ ಅದರಿಂದಲೇ ಎದ್ದಿದ್ದವು. ಮೇಲೆ ಇದ್ದಿಲಿನ ಕಲೆ, ಪಕ್ಕದಲ್ಲಿ ಕೆಂಪು ಚಿಗುರು. "ಬೆಂಕಿ ಮರಳಿನ ಮೇಲೆ ಓಡಿತು, ಪ್ರಾಣ ಮರಳಿನಡಿ ಕುಳಿತಿತ್ತು. ತಾವು ಸುಟ್ಟದ್ದು ತೋಳುಗಳನ್ನು ಮಾತ್ರ. ಅಣ್ಣ ಹೇಳಿದ್ದೂ ಇದನ್ನೇ."

ದೊರೆ ಗಡ್ಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. "ಇದರೊಳಗೆ ಯಾರೂ ಇಲ್ಲ ತಾನೆ?"

"ನಾಳಿನ ಮರವೊಂದಿದೆ, ಪ್ರಭು."

ಸೆರೆಯ ಬಾಗಿಲು ತೆರೆಯಿತು. ಅರ್ಧ ರಾಜ್ಯ ಗುರವನದಾಯಿತು. ಇಂದುಲೇಖೆ ತಾನಾಗಿಯೇ ಸಂಕನ ಕೈ ಹಿಡಿದಳು.

ಅವರ ಮದುವೆ ಆ ನೀಲಗಿರಿಯ ತಂಪು ನೆರಳಿನಲ್ಲಿ ನಡೆಯಿತೆಂದು ಹೇಳುವವರಿದ್ದಾರೆ. ಎರಡನೆಯ ಒಗಟನ್ನು ಮರೆಯದವರು ಮಾತ್ರ ಆ ಮಾತನ್ನು ನಂಬುವುದಿಲ್ಲ.