ಹಸಿರು ವೈರು ಕೇಳಿದ್ದು

ಮೋನಪ್ಪಾಚಾರಿಯ ಮರಗೆಲಸದ ಶೆಡ್ಡಿನಲ್ಲಿ ಕಬ್ಬಿಣದ ಮೈಯ ಡ್ರಿಲ್ ಮಷಿನ್ ಒಂದಿತ್ತು. ಅದು ತನ್ನ ಹಸಿರು ಅರ್ತ್ ವೈರನ್ನು ದಿನವೂ ಹಂಗಿಸುತ್ತಿತ್ತು. "ಕೆಂಪಣ್ಣ ಕರೆಂಟು ತರುತ್ತಾನೆ, ಕಪ್ಪಣ್ಣ ವಾಪಸು ಒಯ್ಯುತ್ತಾನೆ. ನೀನು ಮಾತ್ರ ಬಿಟ್ಟಿ ನೆಂಟ!"

"ನನಗೆ ಕೆಲಸ ಬೀಳದಿದ್ದರೇ ಒಳ್ಳೆಯದಣ್ಣ," ಎಂದಿತು ಹಸಿರು ವೈರು.

ಶೆಡ್ಡಿಗೆ ಹಾಕಿಸಿದ ಹೊಸ ಬೋರ್ಡಿನಲ್ಲಿ ಎರಡೇ ತೂತು, ಹಸಿರು ವೈರಿಗೆ ಜಾಗವಿಲ್ಲ. ಆಚಾರಿ ಹಸಿರು ವೈರನ್ನು ಕತ್ತರಿಸಿ ಟೇಪು ಸುತ್ತಿದಾಗ ಡ್ರಿಲ್, "ಪೀಡೆ ತೊಲಗಿತು," ಎಂದು ನಕ್ಕಿತು.

ಒಂದು ದಿನ ಒಳಗಿನ ಕೆಂಪು ವೈರಿನ ಸಿಪ್ಪೆ ಸವೆದು ಕರೆಂಟು ಡ್ರಿಲ್ಲಿನ ಮೈಗೆಲ್ಲ ಹರಿಯಿತು. ಅದನ್ನು ನೆಲಕ್ಕಿಳಿಸಲು ಹಸಿರು ವೈರು ಇರಲಿಲ್ಲ. ದಿನವೂ ತನ್ನನ್ನು ಒರೆಸಿಡುತ್ತಿದ್ದ ಆಚಾರಿಯ ಕೈಯನ್ನೇ ಡ್ರಿಲ್ ಕಚ್ಚಿ ಹಿಡಿಯಿತು. ಹೆಂಡತಿ ಓಡಿಬಂದು ಮೈನ್ ಆಫ್ ಮಾಡಿದ್ದರಿಂದ ಆಚಾರಿಯ ಜೀವ ಉಳಿಯಿತು.

ಮೂರು ತೂತಿನ ಬೋರ್ಡು ಬಂತು. ಹಸಿರು ವೈರು ಮತ್ತೆ ತನ್ನ ಜಾಗದಲ್ಲಿ ಕೂತಿತು. ಈಗ ಬೈಯುತ್ತದೆಂದು ಡ್ರಿಲ್ ಕಾದಿತ್ತು.

"ಆಚಾರಿಯ ಕೈ ವಾಸಿಯಾಯಿತೇ, ಅಣ್ಣಾ?" ಎಂದಷ್ಟೇ ಹಸಿರು ವೈರು ಕೇಳಿತು.

ಅಷ್ಟು ಸದ್ದು ಮಾಡುವ ಡ್ರಿಲ್ ನಾಚಿ ಮುಖ ತಗ್ಗಿಸಿತು.